ಹಳೆಯ ಟಿಪ್ಪಿಂಗ್ ಟ್ರೇಲರ್ ಕೊಳ್ಳಬಹುದೇ? ಬಾಡಿ ಇಳಿಸಿದಾಗ ಫ್ಯೂಸ್ ಹೋಗುತ್ತಿದೆ

ಸೂಳೆಕೆರೆ ಅಚ್ಚುಕಟ್ಟು:

ನಮ್ಮದು ಚನ್ನಗಿರಿ ತಾಲ್ಲೂಕು. ಅಡಿಕೆ ತೋಟ, ಕೆಳಗೆ ನಾಲೆ ನೀರಿನ ಗದ್ದೆ. 45 ಎಚ್‌ಪಿ ಟ್ರ್ಯಾಕ್ಟರ್ ಇದೆ. ಓಡಿಸುವುದು ನನ್ನ ಮೈದುನ, ಲೆಕ್ಕ ಬರೆಯುವುದು ನಾನು. ಬೇಸಿಗೆಯಲ್ಲಿ ತೋಟಕ್ಕೆ ಕೆರೆಗೋಡು (ಕೆರೆಯ ಹೂಳು ಮಣ್ಣು) ಹೊಡೆಸಬೇಕು, ಮಳೆಗೆ ಮುಂಚೆ ಕೊಟ್ಟಿಗೆ ಗೊಬ್ಬರ, ನಡುವೆ ಮನೆ ಕೆಲಸಕ್ಕೆ ಜಲ್ಲಿ, ಎಂ-ಸ್ಯಾಂಡ್. ಇಷ್ಟು ವರ್ಷ ಸಾದಾ ಟ್ರೇಲರ್‌ನಲ್ಲಿ ತಂದು ಆಳುಗಳಿಂದ ಎಳೆಸುತ್ತಿದ್ದೆವು. ಈಗ ಎಳೆಯುವವರು ಸಿಗುವುದಿಲ್ಲ. ಸಿಕ್ಕರೂ ಟ್ರೇಲರ್ ಖಾಲಿಯಾಗುವ ಹೊತ್ತಿಗೆ ಟ್ರ್ಯಾಕ್ಟರ್ ಅರ್ಧ ದಿನ ಸುಮ್ಮನೆ ನಿಂತಿರುತ್ತದೆ. ಆದ್ದರಿಂದ ಬಾಡಿ ತಾನೇ ಎದ್ದು ಹಿಂದಕ್ಕೆ ಸುರಿಯುವ ಟಿಪ್ಪಿಂಗ್ ಟ್ರೇಲರ್ ಬೇಕೇ ಬೇಕು ಎಂದು ತೀರ್ಮಾನವಾಗಿದೆ.

ಪಕ್ಕದ ಊರಿನವರೊಬ್ಬರು ತಮ್ಮ ಟ್ರೇಲರ್ ಮಾರುತ್ತಿದ್ದಾರೆ. ಎರಡು ಚಕ್ರದ್ದು, ಬಾಡಿ 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಎತ್ತರ. ಬಾಡಿ ಎತ್ತುವ ಹೈಡ್ರಾಲಿಕ್ ಜಾಕ್ ಮೂರು ಹಂತದ್ದು. ಕೇಳುತ್ತಿರುವುದು ಒಂದೂವರೆ ಲಕ್ಷ. ನೋಡಲು ಚೆನ್ನಾಗಿದೆ, ಹೊಸದಾಗಿ ನೀಲಿ ಬಣ್ಣ ಬಳಿಸಿದ್ದಾರೆ. ಹೊಸ ಬಣ್ಣ ಕಂಡರೆ ನನಗೆ ಯಾವಾಗಲೂ ಸ್ವಲ್ಪ ಅನುಮಾನವೇ. ಪುಣ್ಯಕ್ಕೆ, ವಾರ ಬಳಸಿ ನೋಡಿ ಆಮೇಲೆ ಹೇಳಿ ಎಂದು ಕೊಟ್ಟಿದ್ದಾರೆ.

ಬಳಸುತ್ತಿದ್ದೇವೆ. ತೊಂದರೆ ಇರುವುದು ಕರೆಂಟಿನಲ್ಲಿ. ಮೂರು ಲಕ್ಷಣಗಳು ಕಂಡಿವೆ.

ಮೊದಲನೆಯದು: ಸಂಜೆ ಲೈಟ್ ಹಾಕಿಕೊಂಡು ಗೋಡು ಸುರಿದು ಬಾಡಿ ಇಳಿಸಿದರೆ ಕೆಲವೊಮ್ಮೆ ಹಿಂದಿನ ದೀಪದ ಫ್ಯೂಸ್ ಹೋಗುತ್ತದೆ. ಯಾವಾಗಲೂ ಅಲ್ಲ. ಮೈದುನ ಗಮನಿಸಿ ಹೇಳಿದ್ದೇನೆಂದರೆ, ಕಣದಂತಹ ಸಮತಟ್ಟು ಜಾಗದಲ್ಲಿ ಏನೂ ಆಗುವುದಿಲ್ಲ, ತೋಟದ ಓರೆ ದಾರಿಯಲ್ಲಿ ಇಳಿಸಿದಾಗಲೇ ಹೋಗುತ್ತದೆ. ಎರಡನೆಯದು: ಬ್ರೇಕ್ ಒತ್ತಿದರೆ ಕೆಂಪು ದೀಪ ಮಂಕಾಗಿ ಉರಿಯುತ್ತದೆ, ಅದರ ಜೊತೆಗೆ ಎರಡೂ ಕಡೆಯ ಇಂಡಿಕೇಟರ್ ಕೂಡ ಮಿಣಮಿಣ ಎನ್ನುತ್ತದೆ. ಮೂರನೆಯದು: ಲೋಡ್ ಇದ್ದಾಗ ದೀಪಗಳು ಪರವಾಗಿಲ್ಲ. ಖಾಲಿ ಬರುವಾಗ ಗುಂಡಿಗೊಮ್ಮೆ ಆರಿ ಹತ್ತಿಕೊಳ್ಳುತ್ತವೆ.

ಊರಿನ ಎಲೆಕ್ಟ್ರಿಷಿಯನ್‌ ಒಬ್ಬರು ಬಂದು ನೋಡಿ, ಫ್ಯೂಸ್ ಸಣ್ಣದಾಯಿತು, ದೊಡ್ಡದು ಹಾಕಿ ಎಂದರು. ನಾನು ಬೇಡ ಎಂದೆ. ಪಂಪ್‌ಸೆಟ್ ಸ್ಟಾರ್ಟರ್‌ಗೆ ಹಾಗೆ ಮಾಡಿ ಮೋಟಾರ್ ಸುಟ್ಟ ಮನೆಗಳು ನಮ್ಮ ಬೀದಿಯಲ್ಲೇ ಇವೆ.

ನನ್ನ ಪ್ರಶ್ನೆ ಎರಡು. ಈ ವೈರಿಂಗ್ ಸರಿ ಹೋಗುವಂಥದ್ದೇ? ಇದನ್ನು ಕೊಳ್ಳುವುದೋ, ಇನ್ನಷ್ಟು ಹಣ ಸೇರಿಸಿ ಹೊಸದು ಕಟ್ಟಿಸುವುದೋ? ಬ್ಯಾಟರಿಯಿಂದಲೇ ಎತ್ತುವ ಟ್ರೇಲರ್‌ಗಳ ವಿಡಿಯೊ ನೋಡಿದ ಮೈದುನ ಅದೇ ಒಳ್ಳೆಯದು ಎನ್ನುತ್ತಿದ್ದಾನೆ. ಅದರ ಬಗ್ಗೆ ತಿಳಿದವರು ಇದ್ದರೆ ಅದನ್ನೂ ಹೇಳಿ.

ರಾಣೇಬೆನ್ನೂರು ವೈರಿಂಗ್:

ಅಕ್ಕ, ದೊಡ್ಡ ಫ್ಯೂಸ್ ಹಾಕದೆ ಇದ್ದದ್ದು ಒಳ್ಳೆಯದಾಯಿತು. ಆ ಸಲಹೆ ಕೊಟ್ಟವರಿಗೆ ಇನ್ನು ಚಹಾ ಕೊಟ್ಟು ಕಳುಹಿಸಿ, ಕೆಲಸ ಕೊಡಬೇಡಿ.

ನಿಮ್ಮ ಮೈದುನ ಗಮನಿಸಿದ ಓರೆ ದಾರಿಯ ವಿಷಯದಲ್ಲೇ ಅರ್ಧ ಉತ್ತರ ಇದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಸುಲಭದ್ದು.

ಎರಡನೆಯ ಮತ್ತು ಮೂರನೆಯ ಲಕ್ಷಣಕ್ಕೆ ಕಾರಣ ಒಂದೇ: ಟ್ರೇಲರ್‌ಗೆ ಸರಿಯಾದ ಅರ್ತ್, ಅಂದರೆ ಕರೆಂಟ್ ಬ್ಯಾಟರಿಗೆ ಹಿಂದಿರುಗುವ ದಾರಿ, ಇಲ್ಲ. ನಮ್ಮ ಕಡೆ ಟ್ರೇಲರ್ ಕಟ್ಟುವವರು ಅರ್ತ್ ವೈರನ್ನೇ ಎಳೆಯುವುದಿಲ್ಲ. ಕಬ್ಬಿಣಕ್ಕೆ ಕಬ್ಬಿಣ ತಾಗಿಕೊಂಡಿದೆಯಲ್ಲ, ಹುಕ್ ಪಿನ್ ಮೂಲಕ ಟ್ರ್ಯಾಕ್ಟರ್‌ಗೆ ಅರ್ತ್ ಸಿಗುತ್ತದೆ ಎಂಬ ನಂಬಿಕೆ. ಪಿನ್‌ಗೆ ಗ್ರೀಸ್, ತುಕ್ಕು, ಮೇಲೆ ನಿಮ್ಮ ಹೊಸ ನೀಲಿ ಬಣ್ಣ. ಲೋಡ್ ಇದ್ದಾಗ ಎರಡು ಚಕ್ರದ ಟ್ರೇಲರ್‌ನ ಭಾರ ಹುಕ್ಕಿನ ಮೇಲೆ ಕೂರುತ್ತದೆ, ಪಿನ್ ಒತ್ತಿಕೊಂಡು ಹೇಗೋ ಸಂಪರ್ಕ ಸಿಗುತ್ತದೆ. ಖಾಲಿಯಾದಾಗ ಪಿನ್ ಗಡಗಡ ಅಲುಗುತ್ತದೆ, ದೀಪವೂ ಅದರ ತಾಳಕ್ಕೆ ಕುಣಿಯುತ್ತದೆ.

ಬ್ರೇಕ್ ಒತ್ತಿದಾಗ ಇಂಡಿಕೇಟರ್ ಏಕೆ ಮಿಣುಕುತ್ತದೆ ಎಂದರೆ, ಬ್ರೇಕ್ ಬಲ್ಬಿಗೆ ಬಂದ ಕರೆಂಟಿಗೆ ಹಿಂದಿರುಗುವ ದಾರಿ ಇಲ್ಲ. ಅದು ಟ್ರೇಲರ್‌ನ ಇಂಡಿಕೇಟರ್ ಬಲ್ಬಿನ ತಂತಿಯೊಳಗೆ ಹಿಮ್ಮುಖವಾಗಿ ನುಗ್ಗಿ, ಅದೇ ವೈರಿನಲ್ಲಿ ಟ್ರ್ಯಾಕ್ಟರ್ ಕಡೆಗೆ ಹೋಗಿ, ಅಲ್ಲಿನ ಇಂಡಿಕೇಟರ್ ಬಲ್ಬಿನ ಮೂಲಕ ಅರ್ತ್ ಹುಡುಕಿಕೊಳ್ಳುತ್ತದೆ. ಹೀಗೆ ಬಲ್ಬುಗಳು ಒಂದರ ಹಿಂದೊಂದು ಸಾಲಾಗಿ ಬರುವುದರಿಂದ ಎಲ್ಲವೂ ಮಂಕು. ಇಂಥ ಲಕ್ಷಣ ಕಂಡರೆ ಬಲ್ಬ್, ಸ್ವಿಚ್, ಇಂಡಿಕೇಟರ್ ಮಿಣುಕಿಸುವ ಫ್ಲಾಷರ್ ಬದಲಿಸಲು ಹೊರಡಬೇಡಿ. ಮೊದಲು ಅರ್ತ್ ನೋಡಿ.

ಖಚಿತ ಮಾಡಿಕೊಳ್ಳಲು ಒಂದು ಸಾದಾ ಮಲ್ಟಿಮೀಟರ್ ಸಾಕು. 20 ವೋಲ್ಟ್ ಡಿಸಿ ಮೇಲೆ ಇಡಿ. ಕಪ್ಪು ಕಡ್ಡಿ ಟ್ರ್ಯಾಕ್ಟರ್ ಬ್ಯಾಟರಿಯ ನೆಗೆಟಿವ್ ಮೇಲೆ. ಕೈಗೆ ಎಟುಕುವುದಿಲ್ಲ, ಉದ್ದನೆಯ ವೈರ್ ಕಟ್ಟಿಕೊಳ್ಳಿ. ಕೆಂಪು ಕಡ್ಡಿ ಟ್ರೇಲರ್ ದೀಪದ ಹೋಲ್ಡರ್‌ನ ಲೋಹದ ಮೇಲೆ. ಲೈಟ್ ಹಾಕಿ, ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಅರ್ತ್ ಸರಿ ಇದ್ದರೆ ಮೀಟರ್ ಸೊನ್ನೆಗೆ ಹತ್ತಿರ, ಹೆಚ್ಚೆಂದರೆ 0.2, 0.3 ತೋರಿಸಬೇಕು. ಎರಡು ಮೂರು ವೋಲ್ಟ್ ತೋರಿಸಿತೆಂದರೆ ಅಷ್ಟು ವೋಲ್ಟ್ ಬಲ್ಬಿಗೆ ಸಿಗದೆ ದಾರಿಯಲ್ಲೇ ಕಳೆದುಹೋಗುತ್ತಿದೆ. ಸುಮ್ಮನೆ ಲೈಟ್ ಆಫ್ ಮಾಡಿ ಕಂಟಿನ್ಯೂಟಿ (ತಂತಿ ಕಡಿದಿದೆಯೇ ಇಲ್ಲವೇ) ನೋಡಿದರೆ ಪ್ರಯೋಜನವಿಲ್ಲ. ಒಂದೇ ಒಂದು ಎಳೆ ಉಳಿದಿದ್ದರೂ ಮೀಟರ್ ‘ಬೀಪ್’ ಎನ್ನುತ್ತದೆ. ಹೊರೆ ಬಿದ್ದಾಗ ಅಳೆದರೆ ಮಾತ್ರ ನಿಜ ತಿಳಿಯುತ್ತದೆ.

ಪರಿಹಾರ: ಟ್ರ್ಯಾಕ್ಟರ್ ಹಿಂದಿನ ಏಳು ಪಿನ್ ಸಾಕೆಟ್‌ನಿಂದ ಪ್ರತ್ಯೇಕ ಅರ್ತ್ ವೈರ್ ಎಳೆದು ಎರಡೂ ದೀಪಗಳ ಹೋಲ್ಡರ್‌ಗೆ ನೇರ ಕೊಡಿ. ಚಾಸಿಗೆ, ಅಂದರೆ ಬಾಡಿಯ ಕೆಳಗಿನ ಚೌಕಟ್ಟಿಗೆ, ಒಂದು ಬೋಲ್ಟ್ ಹಾಕಿ ಅಲ್ಲಿಗೂ ಸೇರಿಸಿ, ಬೋಲ್ಟಿನ ಕೆಳಗೆ ಬಣ್ಣ ಕೆರೆದು ಹೊಳೆಯುವ ಲೋಹ ಕಾಣಬೇಕು. ಸಾಕೆಟ್ ಒಳಗೆ ಅಂಕೆಗಳು ಅಚ್ಚಾಗಿರುತ್ತವೆ. ಐಎಸ್‌ಒ 1724 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ 1 ಎಡ ಇಂಡಿಕೇಟರ್, 3 ಅರ್ತ್, 4 ಬಲ ಇಂಡಿಕೇಟರ್, 5 ಬಲಗಡೆಯ ಹಿಂದೀಪ, 6 ಬ್ರೇಕ್, 7 ಎಡಗಡೆಯ ಹಿಂದೀಪ. 2 ಮಂಜಿನ ದೀಪಕ್ಕೆ, ನಮಗೆ ಬೇಕಾಗುವುದಿಲ್ಲ. ವೈರಿನ ಬಣ್ಣವನ್ನು ಮಾತ್ರ ನಂಬಬೇಡಿ. ವರ್ಕ್‌ಶಾಪ್‌ನವರು ಆ ದಿನ ಕೈಗೆ ಸಿಕ್ಕ ಬಣ್ಣ ಎಳೆದಿರುತ್ತಾರೆ. ಅಂಕೆ ನೋಡಿ ಕೆಲಸ ಮಾಡಿ.

ವೈರ್ ದಪ್ಪ ಇರಲಿ. ಎರಡು ಬ್ರೇಕ್ ಬಲ್ಬ್ 21 ವ್ಯಾಟಿನವು, ಎರಡು ಹಿಂದೀಪ 5 ವ್ಯಾಟಿನವು, ಒಟ್ಟು 52 ವ್ಯಾಟ್. 12 ವೋಲ್ಟಿನಲ್ಲಿ ಸುಮಾರು ನಾಲ್ಕೂಕಾಲು ಆಂಪಿಯರ್. ಐದು ಮೀಟರ್ ಉದ್ದದ 0.5 ಚದರ ಮಿ.ಮೀ. ತಾಮ್ರದ ವೈರಿನಲ್ಲಿ ಅಷ್ಟು ಕರೆಂಟ್ ಹರಿದರೆ ಮುಕ್ಕಾಲು ವೋಲ್ಟ್ ಅಲ್ಲೇ ಹೋಗುತ್ತದೆ. 1.5 ಚದರ ಮಿ.ಮೀ. ಹಾಕಿದರೆ ಕಾಲು ವೋಲ್ಟ್. ಬೆಲೆಯ ವ್ಯತ್ಯಾಸ ಒಂದು ಹೊತ್ತಿನ ಊಟದಷ್ಟೂ ಇಲ್ಲ.

ಈಗ ಫ್ಯೂಸ್. ಎಲ್ಲೋ ವೈರಿನ ಮೇಲಿನ ಪ್ಲಾಸ್ಟಿಕ್ ಹರಿದು ತಾಮ್ರ ಚಾಸಿಗೆ ತಾಗುತ್ತಿದೆ. ಟ್ರ್ಯಾಕ್ಟರ್‌ನಲ್ಲೋ ಟ್ರೇಲರ್‌ನಲ್ಲೋ ಎಂದು ತಿಳಿಯಲು ಪ್ಲಗ್ ಕಿತ್ತು ಒಂದು ಸಂಜೆ ಟ್ರ್ಯಾಕ್ಟರ್ ಓಡಿಸಿ. ಫ್ಯೂಸ್ ಉಳಿದರೆ ದೋಷ ಟ್ರೇಲರ್‌ನದ್ದು. ಆಮೇಲೆ ಪ್ಲಗ್ ಹಾಕಿ, ಹಿಂದೀಪದ ಬಲ್ಬುಗಳನ್ನೆಲ್ಲ, ಟ್ರ್ಯಾಕ್ಟರ್‌ನವೂ ಸೇರಿ, ತೆಗೆದುಬಿಡಿ. ಫ್ಯೂಸ್ ಜಾಗದಲ್ಲಿ ಎರಡು ವೈರ್ ಬೆಸೆದ 21 ವ್ಯಾಟಿನ ಬಲ್ಬ್ ಸೇರಿಸಿ. ಲೈಟ್ ಸ್ವಿಚ್ ಹಾಕಿ. ಈ ಬಲ್ಬ್ ಉರಿಯಬಾರದು. ಆ ಫ್ಯೂಸಿನ ಮೇಲೆ ಮೀಟರ್ ದೀಪದಂತಹ ಬೇರೆ ಸಣ್ಣ ದೀಪ ಇದ್ದರೆ ಮಂಕಾಗಿ ಹೊಳೆಯಬಹುದು, ಅದನ್ನು ಬಿಡಿ. ಬಾಡಿ ಎತ್ತಿ ಇಳಿಸುವಾಗ ಯಾವ ಕ್ಷಣದಲ್ಲಿ ಭಗ್ಗೆಂದು ಪೂರ್ತಿ ಉರಿಯಿತೋ ಆ ಕ್ಷಣದಲ್ಲಿ ಬಾಡಿ ಎಲ್ಲಿ ಒತ್ತುತ್ತಿದೆ ನೋಡಿ, ವೈರ್ ಅಲ್ಲೇ ಸಿಕ್ಕಿಕೊಂಡಿದೆ. ಹತ್ತಾರು ಫ್ಯೂಸ್ ಸುಡುವ ಬದಲು ಒಂದು ಬಲ್ಬ್ ಕೆಲಸ ಮುಗಿಸುತ್ತದೆ.

ಒಂದು ಎಚ್ಚರಿಕೆ. ಅರ್ತ್ ಸರಿ ಮಾಡಿದ ಮೇಲೆ ಫ್ಯೂಸ್ ಈಗಿನದಕ್ಕಿಂತ ಹೆಚ್ಚು ಹೋಗಬಹುದು. ಕೆಲಸ ಕೆಟ್ಟಿತು ಎಂದುಕೊಳ್ಳಬೇಡಿ. ಇದುವರೆಗೆ ಚಾಸಿಗೇ ಸರಿಯಾದ ಅರ್ತ್ ಇಲ್ಲದ ಕಾರಣ ಹರಿದ ವೈರ್ ತಾಗಿದರೂ ಕೆಲವು ಸಲ ಶಾರ್ಟ್ ಆಗುತ್ತಿರಲಿಲ್ಲ, ಅಷ್ಟೇ. ಅಡಗಿದ್ದ ದೋಷ ಬಯಲಿಗೆ ಬಂದಂತೆ.

ಇನ್ನು ಓರೆ ದಾರಿ. ನಾನು ಟ್ರೇಲರ್ ಕಟ್ಟುವವನಲ್ಲ, ವೈರಿಂಗ್ ಮಾಡುವವನು. ಆದರೆ ಟ್ರೇಲರ್ ಅಡಿ ಮಲಗಿ ಕೆಲಸ ಮಾಡುವವನಿಗೆ ಪಕ್ಕದಲ್ಲಿ ನಿಂತು ನೋಡುವವನಿಗಿಂತ ಹೆಚ್ಚು ಕಾಣುತ್ತದೆ. ಸಮತಟ್ಟಿನಲ್ಲಿ ಇಳಿದ ಬಾಡಿ ವೈರಿಗೆ ತಾಗುವುದಿಲ್ಲ, ಓರೆಯಲ್ಲಿ ಇಳಿದದ್ದು ತಾಗುತ್ತದೆ ಎಂದರೆ ಬಾಡಿ ಎರಡು ಸಲವೂ ಒಂದೇ ಜಾಗಕ್ಕೆ ಬಂದು ಕೂರುತ್ತಿಲ್ಲ. ಪಕ್ಕಕ್ಕೆ ಸರಿಯುತ್ತಿದೆ. ಬಾಡಿ ತಿರುಗುವ ಹಿಂದಿನ ಕೀಲಿನ (ಹಿಂಜ್) ಪಿನ್, ಅದರ ಸುತ್ತಲಿನ ಬುಷ್ ಸವೆದಿರಬೇಕು. ಫ್ಯೂಸ್ ನಿಮಗೆ ಹೇಳುತ್ತಿರುವುದು ಹಿಂಜಿನ ಕಥೆ. ಖಾಲಿ ಬಾಡಿಯನ್ನು ಒಂದಡಿ ಎತ್ತಿ, ಅಡಿಗೆ ಗಟ್ಟಿ ಮರದ ದಿಮ್ಮಿ ಕೊಟ್ಟು, ಹಿಂದೆ ಹಾರೆಯಿಂದ ಪಕ್ಕಕ್ಕೆ ಮೀಟಿ ನೋಡಿ. ಹೊಸ ಬಣ್ಣ ಇರುವುದರಿಂದ ಇನ್ನೊಂದು ಅನುಕೂಲವಿದೆ: ಚಾಸಿಯ ಯಾವ ಬದಿಯಲ್ಲಿ ಬಣ್ಣ ಉಜ್ಜಿ ಬೆಳ್ಳಿಯಂತಾಗಿದೆಯೋ ಬಾಡಿ ಆ ಕಡೆ ಬೀಳುತ್ತಿದೆ.

ನೋಡಿ ಬರೆಯಿರಿ. ಎತ್ತಿದ ಬಾಡಿಯ ಕೆಳಗೆ ಜಾಕ್ ನಂಬಿಕೊಂಡು ಯಾರೂ ತಲೆ ಹಾಕಬೇಡಿ. ಹೋಸ್ ಪೈಪ್ ಒಡೆಯುವ ಮುಂಚೆ ಹೇಳಿ ಒಡೆಯುವುದಿಲ್ಲ.

ಮುಧೋಳ ಕಬ್ಬು:

ವೈರಿಂಗ್ ವಿಷಯ ಮೇಲಿನವರು ಪೂರ್ತಿ ಹೇಳಿದ್ದಾರೆ. ನಾನು ಕಬ್ಬಿಣದ ಬಗ್ಗೆ ಬರೆಯುತ್ತೇನೆ. ನಮ್ಮಲ್ಲಿ ಕಬ್ಬಿಗೆ ನಾಲ್ಕು ಚಕ್ರದ ಸಾದಾ ಟ್ರೇಲರ್, ಮಣ್ಣು ಗೊಬ್ಬರಕ್ಕೆ ಬೇರೆ ಟಿಪ್ಪಿಂಗ್ ಟ್ರೇಲರ್ ಇದೆ.

ಮೊದಲು ನಿಮ್ಮ ಅಳತೆಯ ಲೆಕ್ಕ. 10, 6, 2 ಗುಣಿಸಿದರೆ 120 ಘನ ಅಡಿ. ಕೊಟ್ಟಿಗೆ ಗೊಬ್ಬರ ತುಂಬಿದರೆ ಎರಡು ಟನ್ ಆಸುಪಾಸು, 45 ಎಚ್‌ಪಿಗೆ ಆಟದ ಸಾಮಾನು. ಎಂ-ಸ್ಯಾಂಡ್ ಘನ ಅಡಿಗೆ 45ರಿಂದ 50 ಕಿಲೋ ತೂಗುತ್ತದೆ, ಹಸಿ ಗೋಡು ಅದಕ್ಕೆ ಕಡಿಮೆ ಇಲ್ಲ. ಅಂದರೆ ಅಂಚಿನವರೆಗೆ ತುಂಬಿದರೆ ಐದೂವರೆ, ಆರು ಟನ್. ಮೇಲೆ ಟ್ರೇಲರ್‌ನ ಸ್ವಂತ ತೂಕ. ನಾಲೆ ಏರಿಯ ಇಳಿಜಾರಿನಲ್ಲಿ ಅಷ್ಟು ಭಾರ ಹಿಂದಿನಿಂದ ತಳ್ಳಿದರೆ ಟ್ರ್ಯಾಕ್ಟರ್ ಬ್ರೇಕ್ ಒಂದೇ ಸಾಲುವುದಿಲ್ಲ. ಗೊಬ್ಬರಕ್ಕೆ ಎರಡಡಿ ಎತ್ತರ ಬೇಕು, ಗೋಡಿಗೆ ಒಂದೂಕಾಲು ಅಡಿ ಸಾಕು. ಒಳಗೆ ಬಣ್ಣದಲ್ಲಿ ಒಂದು ಗೆರೆ ಎಳೆದು, ಗೋಡು ಇದಕ್ಕಿಂತ ಮೇಲೆ ಹಾಕಬೇಡಿ ಎಂದು ಜೆಸಿಬಿ ಚಾಲಕನಿಗೆ ತೋರಿಸಿ. ಅವನು ಹೇಳಿದ್ದು ಕೇಳುವುದಿಲ್ಲ, ಗೆರೆ ನೋಡುತ್ತಾನೆ.

ಎರಡು ಚಕ್ರದ್ದು ಒಳ್ಳೆಯದೋ ನಾಲ್ಕು ಚಕ್ರದ್ದೋ ಎಂಬ ಜಗಳ ಎಲ್ಲ ಕಡೆ ಇದೆ. ತೋಟದೊಳಗೆ ಹಿಂದಕ್ಕೆ ಓಡಿಸಿ ಸುರಿಯಬೇಕಾದರೆ ಎರಡು ಚಕ್ರದ್ದೇ. ನಾಲ್ಕು ಚಕ್ರದ್ದನ್ನು ಹಿಂದಕ್ಕೆ ಹಾಕುವುದು ಎಲ್ಲರ ಕೈಗೆ ಒಗ್ಗುವ ವಿದ್ಯೆಯಲ್ಲ.

ತಗಡಿನ ದಪ್ಪ ಮಾತಿನಲ್ಲಿ ಕೇಳಬೇಡಿ. ಎಲ್ಲರೂ ನಾಲ್ಕು ಮಿ.ಮೀ. ಎನ್ನುತ್ತಾರೆ. ಒಂದು ಚದರ ಮೀಟರ್ ಉಕ್ಕಿನ ತಗಡು ಒಂದು ಮಿ.ಮೀ. ದಪ್ಪಕ್ಕೆ 7.85 ಕಿಲೋ. ನಿಮ್ಮ ಅಳತೆಯ ಬಾಡಿಗೆ ತಳ ಮತ್ತು ನಾಲ್ಕು ಬದಿ ಸೇರಿ ಸುಮಾರು ಹನ್ನೊಂದೂವರೆ ಚದರ ಮೀಟರ್. ಒಂದು ಮಿ.ಮೀ. ಕಡಿಮೆಯಾದರೆ 90 ಕಿಲೋ ಉಕ್ಕು ಮಾಯ. ಹೊಸದು ಕಟ್ಟಿಸುವುದಾದರೆ ತಗಡು, ಚಾನೆಲ್ (ಚಾಸಿಯ ಉದ್ದನೆಯ ಉಕ್ಕಿನ ತೊಲೆ), ಆಕ್ಸಲ್ ಅಳತೆಯನ್ನು ಬಿಲ್ಲಿನಲ್ಲಿ ಬರೆಸಿ, ಬಾಕಿ ಹಣ ಕೊಡುವ ಮುಂಚೆ ವೇ ಬ್ರಿಡ್ಜ್‌ ಮೇಲೆ ಖಾಲಿ ತೂಕ ಹಾಕಿಸಿ. ತೂಕ ಹಾಕಿಸುತ್ತೇವೆ ಎಂದು ಮೊದಲೇ ಹೇಳಿಬಿಟ್ಟರೆ ತಗಡು ತಾನಾಗಿ ದಪ್ಪವಾಗುತ್ತದೆ.

ಜಾಕ್ ಬಗ್ಗೆ ಒಂದು ಮಾತು, ಹಳೆಯದು ಕೊಳ್ಳುವವರು ಇದನ್ನು ಯೋಚಿಸುವುದೇ ಇಲ್ಲ. ಬಹುತೇಕ ಟ್ರ್ಯಾಕ್ಟರ್‌ಗಳಲ್ಲಿ ಹೈಡ್ರಾಲಿಕ್ ಮತ್ತು ಗೇರ್‌ಬಾಕ್ಸ್‌ಗೆ ಒಂದೇ ಎಣ್ಣೆ. ಜಾಕ್ ಪೂರ್ತಿ ಎತ್ತಲು ಐದಾರು ಲೀಟರ್ ಅದರಿಂದಲೇ ಹೋಗುತ್ತದೆ, ಇಳಿಸಿದಾಗ ಅದೇ ಎಣ್ಣೆ ವಾಪಸ್. ಅಂದರೆ ಮಾರುವವರ ಜಾಕಿನಲ್ಲಿದ್ದ ನೀರು, ಕೊಳೆ ಎಲ್ಲ ಈಗ ನಿಮ್ಮ ಗೇರ್‌ಬಾಕ್ಸ್‌ನಲ್ಲಿ. ಡಿಪ್‌ಸ್ಟಿಕ್ ತೆಗೆದು ನೋಡಿ. ಎಣ್ಣೆ ಹಾಲು ಬೆರೆತಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ, ಬದಲಿಸಬೇಕು. ಮಟ್ಟವನ್ನು ಬಾಡಿ ಇಳಿಸಿದ ಮೇಲೆಯೇ ನೋಡಬೇಕು. ಎತ್ತಿದಾಗ ನೋಡಿ ಎಣ್ಣೆ ತುಂಬಿಸಿದರೆ ಇಳಿಸುವಾಗ ಉಕ್ಕಿ ಹರಿಯುತ್ತದೆ.

ಎತ್ತಿದ ಬಾಡಿ ತಾನಾಗಿ ಕುಸಿಯುತ್ತದೆಯೇ ಎಂದೂ ನೋಡಿ. ಕುಸಿಯುತ್ತಿದೆ, ಆದರೆ ಜಾಕಿನ ಹೊರಮೈ, ಪೈಪು, ಕಪ್ಲಿಂಗ್ ಎಲ್ಲ ಒಣಗಿವೆ ಎಂದರೆ ಜಾಕ್ ತಪ್ಪಿಲ್ಲ. ಈ ಜಾಕಿಗೆ ಎಣ್ಣೆ ಹೋಗುವುದು ಒಂದೇ ಕಡೆಯಿಂದ, ಸೀಲ್ ಸೋತರೆ ಎಣ್ಣೆ ಹೊರಗೇ ಸುರಿಯಬೇಕು. ಒಣಗಿದ್ದೂ ಕುಸಿದರೆ ನಿಮ್ಮ ಟ್ರ್ಯಾಕ್ಟರ್‌ನ ವಾಲ್ವ್ ಎಣ್ಣೆ ಬಿಡುತ್ತಿದೆ. ಮಾರುವವರ ಜೊತೆ ಜಗಳ ಆಡುವ ಮುಂಚೆ ಇದು ಗೊತ್ತಿರಲಿ.

ಕೊನೆಗೆ, ಹಿಂಜ್ ಸವೆದಿದೆ ಎಂದಾದರೆ ಅದು ಖಂಡಿತ ಸಣ್ಣ ವಿಷಯವಲ್ಲ. ಹಸಿ ಗೋಡು ಒಮ್ಮೆಲೇ ಜಾರುವುದಿಲ್ಲ, ಒಂದು ಮೂಲೆಯಲ್ಲಿ ಅಂಟಿಕೊಂಡು ನಿಲ್ಲುತ್ತದೆ. ಓರೆ ನೆಲ, ಒಂದೇ ಬದಿಯ ಭಾರ, ಸಡಿಲ ಹಿಂಜ್ ಮೂರೂ ಸೇರಿದರೆ ಬಾಡಿ ತಿರುಚಿಕೊಂಡು ಟ್ರೇಲರ್ ಪಕ್ಕಕ್ಕೆ ಮಗುಚುತ್ತದೆ. ಓರೆ ದಾರಿಯಲ್ಲಿ ಸುರಿಯುವುದನ್ನು ಇವತ್ತೇ ನಿಲ್ಲಿಸಿ. ಮೇಲೆ ತಂತಿಯೂ ನೋಡಿ. ಹತ್ತಡಿ ಬಾಡಿ ಪೂರ್ತಿ ಎದ್ದರೆ ಮುಂದಿನ ಅಂಚು ನೆಲದಿಂದ 12 ಅಡಿ ದಾಟುತ್ತದೆ. ತೋಟದಲ್ಲಿ ಜೋತುಬಿದ್ದ ಲೈನ್ ಇದ್ದರೆ ಅದಕ್ಕೆ ಅಷ್ಟೇ ಸಾಕು.

ಶಾರ್ಲಟ್ ಹಾಸನ:

ಬ್ಯಾಟರಿಯಿಂದ ಎತ್ತುವ ಟ್ರೇಲರ್ ಬಗ್ಗೆ ಕೇಳಿದ್ದಕ್ಕೆ ಬರೆಯುತ್ತಿದ್ದೇನೆ. ಊರು ಹಾಸನದ ಕಡೆ, ಇರುವುದು ಅಮೆರಿಕದ ಉತ್ತರ ಕೆರೊಲಿನಾದಲ್ಲಿ. ತೋಟಗಾರಿಕೆ ಕೆಲಸಕ್ಕೆ ಪಿಕಪ್ ಹಿಂದೆ ಇಂಥದ್ದೇ ಒಂದು ಟ್ರೇಲರ್ ಎಳೆಯುತ್ತೇನೆ.

ಇಲ್ಲಿ ಬ್ಯಾಟರಿ ಇಡುವುದು ಅದು ಉತ್ತಮ ಎಂದಲ್ಲ, ಪಿಕಪ್‌ಗೆ ಹೈಡ್ರಾಲಿಕ್ ಪಂಪ್ ಇಲ್ಲ ಎಂಬ ಕಾರಣಕ್ಕೆ. ಟ್ರೇಲರ್ ಮುಂಭಾಗದ ಪೆಟ್ಟಿಗೆಯಲ್ಲಿ 12 ವೋಲ್ಟಿನ ದೊಡ್ಡ ಬ್ಯಾಟರಿ, ಮೋಟಾರ್, ಪಂಪ್, ಎಣ್ಣೆ ಡಬ್ಬ ಎಲ್ಲ ಇರುತ್ತದೆ. ಭಾರ ಎತ್ತುವಾಗ ಆ ಮೋಟಾರ್ 150 ಆಂಪಿಯರ್‌ಗೂ ಮೇಲೆ ಎಳೆಯುತ್ತದೆ. ನಿಮ್ಮ ದೀಪಗಳ ನಾಲ್ಕೂಕಾಲು ಆಂಪಿಯರ್ ಜೊತೆ ಹೋಲಿಸಿ ನೋಡಿ. ಪಿಕಪ್‌ನಿಂದ ಬರುವ ಚಾರ್ಜಿಂಗ್ ವೈರ್ ತೆಳ್ಳಗಿನದು, ಅದಕ್ಕೂ ಫ್ಯೂಸ್ ಇದೆ. ಪಂಪ್ ಎಳೆದುಕೊಂಡದ್ದನ್ನು ಅದು ನಿಧಾನವಾಗಿ ತುಂಬುತ್ತದೆ. ಹತ್ತಿರ ಹತ್ತಿರ ಹಲವು ಲೋಡ್ ಸುರಿದ ದಿನ ಬ್ಯಾಟರಿ ಸೋಲುತ್ತದೆ. ಗುಂಡಿ ಒತ್ತಿದರೆ ಮೋಟಾರಿಗೆ ಕರೆಂಟ್ ಕೊಡುವ ಸೊಲೆನಾಯ್ಡ್ ಸ್ವಿಚ್ ಟಕ್ ಟಕ್ ಎನ್ನುತ್ತದೆ, ಬಾಡಿ ಮೇಲೇಳುವುದಿಲ್ಲ. ಜನ ಪಂಪ್ ಕೆಟ್ಟಿತು ಎಂದು ಬಿಚ್ಚುತ್ತಾರೆ. ಗುಂಡಿ ಒತ್ತಿದ ಹೊತ್ತಿನಲ್ಲೇ ಬ್ಯಾಟರಿ ವೋಲ್ಟೇಜ್ ಅಳೆದರೆ ಹತ್ತಕ್ಕಿಂತ ಕೆಳಗೆ ಬಿದ್ದಿರುತ್ತದೆ. ಅದಲ್ಲದಿದ್ದರೆ ದಪ್ಪ ಕೇಬಲ್‌ನ ತುದಿಯಲ್ಲಿ ತುಕ್ಕು. ರಾಣೇಬೆನ್ನೂರಿನವರು ಹೇಳಿದ ‘ಹೊರೆ ಬಿದ್ದಾಗ ಅಳೆಯಿರಿ’ ಎಂಬುದು ಇಲ್ಲೂ ಅಕ್ಷರಶಃ ಸತ್ಯ.

ನಿಮ್ಮ ಟ್ರ್ಯಾಕ್ಟರ್ ಎಂಜಿನ್ನಿನಿಂದಲೇ ತಿರುಗುವ ಪಂಪ್ ಇದೆ. ಅದನ್ನು ಬಿಟ್ಟು ಬ್ಯಾಟರಿ ಕಟ್ಟಿಕೊಂಡರೆ ನೋಡಿಕೊಳ್ಳಬೇಕಾದ ವಸ್ತು ಇನ್ನೊಂದು ಹೆಚ್ಚಾಯಿತು, ಅಷ್ಟೇ. ಮೈದುನನವರಿಗೆ ಬೇಸರವಾಗದಂತೆ ಹೇಳಿ.

ಸೂಳೆಕೆರೆ ಅಚ್ಚುಕಟ್ಟು:

ಮೂವರಿಗೂ ನಮಸ್ಕಾರ. ನೋಡಿದೆವು.

ರಾಣೇಬೆನ್ನೂರು ಅಣ್ಣ, ಮೀಟರ್ 2.8 ವೋಲ್ಟ್ ತೋರಿಸಿತು. ಸಾಕೆಟ್ ಬಿಚ್ಚಿದರೆ 3ನೇ ಪಿನ್ನಿಗೆ ವೈರೇ ಇರಲಿಲ್ಲ. ತಾತ್ಕಾಲಿಕವಾಗಿ ಒಂದು ಉದ್ದ ವೈರ್ ಎಳೆದು ಹಿಡಿದ ಕೂಡಲೇ ಹಿಂದೆ ಹಬ್ಬದ ದೀಪ. ಇಂಡಿಕೇಟರ್ ಮಿಣುಕುವುದು ನಿಂತಿತು. ಮೈದುನ ಬ್ರೇಕ್ ಒತ್ತಿ ಒತ್ತಿ ನೋಡುತ್ತಿದ್ದಾನೆ.

ಫ್ಯೂಸ್ ಜಾಗಕ್ಕೆ ಬಲ್ಬ್ ಹಾಕಿದೆವು. ಓರೆ ದಾರಿಯಲ್ಲಿ ಖಾಲಿ ಬಾಡಿಯನ್ನೇ ಸ್ವಲ್ಪ ಎತ್ತಿ ಇಳಿಸಿದಾಗ, ಇನ್ನೇನು ಕೂರುತ್ತದೆ ಎನ್ನುವಾಗ ಬಲ್ಬ್ ಭಗ್ಗೆಂದು ಉರಿಯಿತು. ವೈರನ್ನು ಚಾಸಿಯ ಬಲಗಡೆ ಚಾನೆಲ್‌ನ ಮೇಲಂಚಿಗೆ ಕ್ಲಿಪ್ ಹೊಡೆದು ತಂದಿದ್ದಾರೆ. ಹಿಂಜಿನಿಂದ ಮೊಳದಷ್ಟು ಮುಂದೆ ಪ್ಲಾಸ್ಟಿಕ್ ಚಪ್ಪಟೆಯಾಗಿ, ಒಳಗಿನ ತಾಮ್ರ ಹಸಿರು ಹಿಡಿದು ಕಾಣುತ್ತಿದೆ. ಅದರ ಮೇಲೆ ಯಾರೋ ಹಿಂದೆ ಸುತ್ತಿದ ಟೇಪ್ ಕೂಡ ಇದೆ. ಅಂದರೆ ಇದು ಮಾರುವವರಿಗೆ ಗೊತ್ತಿರುವ ರೋಗವೇ.

ಹಿಂಜ್ ನೀವು ಹೇಳಿದಂತೆಯೇ ಇದೆ. ಹಾರೆ ಕೊಟ್ಟು ಮೀಟಿದರೆ ಬಾಡಿ ಹಿಂದೆ ಅಡ್ಡಕ್ಕೆ ಹೆಬ್ಬೆರಳಿನಷ್ಟು ಸರಿಯುತ್ತದೆ. ಬಲಗಡೆ ಪಿನ್ನಿನ ರಂಧ್ರ ದುಂಡಗೆ ಉಳಿದಿಲ್ಲ, ಮೊಟ್ಟೆಯ ಆಕಾರಕ್ಕೆ ಬಂದಿದೆ. ಗ್ರೀಸ್ ನಿಪ್ಪಲ್ ಇದೆ, ಅದರ ಬಾಯಿಗೆ ನೀಲಿ ಬಣ್ಣ ಬಳಿದು ಮುಚ್ಚಿದ್ದಾರೆ.

ಮುಧೋಳದವರೇ, ಎಣ್ಣೆ ನೋಡಿದೆ, ಬೆಳ್ಳಗಾಗಿಲ್ಲ. ಬಾಡಿ ಕುಸಿಯುವುದಿಲ್ಲ. ವೇ ಬ್ರಿಡ್ಜ್‌ಗೆ ಇನ್ನೂ ಒಯ್ದಿಲ್ಲ, ಆದರೆ ತಳದಲ್ಲಿ ಎಲ್ಲೂ ತೂತಿಲ್ಲ, ಸುತ್ತಿಗೆಯಿಂದ ಬಡಿದರೆ ಎಲ್ಲ ಕಡೆ ಒಂದೇ ಸದ್ದು.

ಈಗ ಹೇಳಿ. ಇಷ್ಟೆಲ್ಲ ತಿಳಿದ ಮೇಲೆ ಕೊಳ್ಳುವುದೋ ಬಿಡುವುದೋ? ಕೊಂಡರೆ ವೈರ್ ಎಲ್ಲಿಂದ ಎಳೆಯಬೇಕು? ದೀಪಗಳು ಈಗ ಬಾಡಿಯ ಹಿಂಭಾಗದಲ್ಲೇ ಇವೆ. ಎಲ್‌ಇಡಿ ಹಾಕಿಸಲೇ?

ರಾಣೇಬೆನ್ನೂರು ವೈರಿಂಗ್:

ಬಾಡಿ ಕುಸಿಯುತ್ತಿಲ್ಲ, ತಳ ಗಟ್ಟಿ, ಎಣ್ಣೆ ಶುದ್ಧ. ನಾನಾದರೆ ಕೊಳ್ಳುತ್ತೇನೆ, ಆದರೆ ಕೇಳಿದ ಬೆಲೆಗಲ್ಲ. ಹಿಂಜಿನ ಎರಡೂ ಕಡೆ ಹೊಸ ಪಿನ್, ಬುಷ್, ರಂಧ್ರ ಬೋರಿಂಗ್ ಅಥವಾ ಆ ಬ್ರಾಕೆಟನ್ನೇ ಬದಲಿಸುವ ಕೆಲಸಕ್ಕೆ ಲೇತ್ ಅಂಗಡಿಯಲ್ಲಿ ಅಂದಾಜು ಬರೆಸಿಕೊಂಡು, ಆ ಚೀಟಿ ಮುಂದಿಟ್ಟು ಮಾತನಾಡಿ. ಬರಿಯ ‘ವೈರಿಂಗ್ ಸರಿ ಇಲ್ಲ’ ಎಂದರೆ ಐನೂರು ರೂಪಾಯಿ ಬಿಟ್ಟು ನಗುತ್ತಾರೆ. ರಂಧ್ರದ ಫೋಟೊ ತೋರಿಸಿದರೆ ನಗುವುದಿಲ್ಲ.

ರಂಧ್ರಕ್ಕೆ ವೆಲ್ಡಿಂಗ್ ತುಂಬಿ ಗ್ರೈಂಡರ್‌ನಲ್ಲಿ ಉಜ್ಜಿಕೊಡುತ್ತೇನೆ ಎನ್ನುವವರು ಸಿಗುತ್ತಾರೆ. ಒಪ್ಪಬೇಡಿ. ಎರಡೂ ಕಡೆಯ ರಂಧ್ರ ಒಂದೇ ನೇರಕ್ಕೆ ಬರಬೇಕು, ಕೈ ಅಂದಾಜಿನಲ್ಲಿ ಬರುವುದಿಲ್ಲ. ವೆಲ್ಡಿಂಗ್ ನಡೆಯುವಾಗ ಟ್ರ್ಯಾಕ್ಟರ್ ಕಳಚಿ ದೂರ ನಿಲ್ಲಿಸಿ, ಪ್ಲಗ್ ಕಿತ್ತಿರಲಿ. ಆ ಕರೆಂಟ್ ನಿಮ್ಮ ಹೊಸ ಅರ್ತ್ ವೈರಿನ ಮೂಲಕ ಹೋಗಿ ಆಲ್ಟರ್ನೇಟರ್ ಸುಟ್ಟರೆ ಹಿಂಜಿಗಿಂತ ಅದೇ ದುಬಾರಿ. ವೆಲ್ಡಿಂಗ್ ಅರ್ತ್ ಕ್ಲಾಂಪ್ ಕೂಡ ಬೆಸೆಯುವ ಜಾಗದ ಪಕ್ಕದಲ್ಲೇ ಕಚ್ಚಿಸಬೇಕು. ಚಕ್ರದ ಕಡೆ ಕಚ್ಚಿಸಿದರೆ ಬೇರಿಂಗ್ ಒಳಗೆ ಕಿಡಿ ಹಾರಿ ಅದು ಹಾಳಾಗುತ್ತದೆ.

ವೈರಿಂಗ್ ಹಿಂಜ್ ಕೆಲಸ ಮುಗಿದ ಮೇಲೆ. ಹಳೆಯದಕ್ಕೆ ತೇಪೆ ಬೇಡ. ತಾಮ್ರ ಹಸಿರು ಹಿಡಿದಿದೆ ಎಂದರೆ ಗೊಬ್ಬರದ ರಸ ಒಳಗೆ ತುಂಬ ದೂರ ಹರಿದಿರುತ್ತದೆ, ಅಲ್ಲಿ ಬೆಸುಗೆಯೂ ಹಿಡಿಯುವುದಿಲ್ಲ. ಪೂರ್ತಿ ಹೊಸ ವೈರ್, ಸುಕ್ಕುಗಟ್ಟಿದ ಪ್ಲಾಸ್ಟಿಕ್ ಪೈಪಿನೊಳಗೆ. ಸಿ ಚಾನೆಲ್‌ನ ಹೊಟ್ಟೆಯೊಳಗೆ ಮಧ್ಯಕ್ಕೆ ಕ್ಲಿಪ್ ಹೊಡೆಯಿರಿ, ಮೇಲಂಚಿನ ಹತ್ತಿರವೂ ಬೇಡ, ನೀರು ಕೆಸರು ನಿಲ್ಲುವ ಕೆಳಅಂಚೂ ಬೇಡ. ದೀಪಗಳನ್ನು ಸಾಧ್ಯವಾದರೆ ಬಾಡಿಯಿಂದ ಕಿತ್ತು ಚಾಸಿಯ ಹಿಂದಿನ ಅಡ್ಡಪಟ್ಟಿಯ ಎರಡು ತುದಿಗೆ ತನ್ನಿ, ಮೇಲೆ ಮಣ್ಣು ಬೀಳದಂತೆ ಒಂದು ತಗಡಿನ ಚಾವಣಿ ಕೊಡಿ. ಆಗ ಚಲಿಸುವ ಭಾಗಕ್ಕೆ ವೈರೇ ಹೋಗುವುದಿಲ್ಲ. ಬಾಡಿಯಲ್ಲೇ ಉಳಿಯಬೇಕು ಎಂದಾದರೆ ವೈರ್ ಚಾಸಿಯಿಂದ ಬಾಡಿಗೆ ದಾಟುವುದು ಹಿಂಜ್ ಪಿನ್ನಿನ ಪಕ್ಕದಲ್ಲೇ ಇರಲಿ, ಅಲ್ಲಿ ಚಲನೆ ಅತಿ ಕಡಿಮೆ. ಒಂದು ಸಡಿಲ ಸುತ್ತು ಬಿಡಿ.

ಎಲ್‌ಇಡಿ ಹಾಕಿಸಿ, ಅಲುಗಾಟಕ್ಕೆ ತಂತಿ ಕಡಿಯುವ ಚಿಂತೆ ಇಲ್ಲ. ಆದರೆ ಆಗ ಇಂಡಿಕೇಟರ್ ಹೊಡೆದುಕೊಳ್ಳುವ ವೇಗ ಬದಲಾಗಬಹುದು. ಫ್ಲಾಷರ್ ಬಲ್ಬಿನ ಹೊರೆ ನೋಡಿ ಕೆಲಸ ಮಾಡುವ ಜಾತಿಯದ್ದಾದರೆ ಎಲೆಕ್ಟ್ರಾನಿಕ್ ಫ್ಲಾಷರ್‌ಗೆ ಬದಲಿಸಿ, ಅದರ ಮೇಲೆ ಎಲ್‌ಇಡಿಗೂ ಆಗುತ್ತದೆ ಎಂದು ಬರೆದಿರಬೇಕು. ಮಾಮೂಲು ಬಲ್ಬೇ ಇಟ್ಟರೆ ‘2+1×21 ವ್ಯಾಟ್’ ಎಂದು ನಮೂದಿಸಿರುವುದನ್ನು ಕೊಳ್ಳಿ. ಆ ‘+1’ ಇರುವುದೇ ಟ್ರೇಲರ್ ಬಲ್ಬಿಗೆ. ಬಲ್ಬ್ ಬದಲಿಸುವಾಗ ಎರಡು ತಂತಿಯ 21/5 ವ್ಯಾಟಿನ ಬಲ್ಬಿನ ಪಕ್ಕದ ಮೊಳೆಗಳು ಏರುಪೇರಾಗಿ ಇರುತ್ತವೆ, ತಿರುವಿ ಬಲವಂತದಿಂದ ಕೂರಿಸಬೇಡಿ. ಹಾಗೆ ಕೂರಿಸಿದರೆ ಹಿಂದೀಪ ಬ್ರೇಕಿನಷ್ಟು ಉರಿಯುತ್ತದೆ, ಬ್ರೇಕ್ ಒತ್ತಿದ್ದು ಹಿಂದಿನವರಿಗೆ ತಿಳಿಯುವುದೇ ಇಲ್ಲ.

ದೀಪ ಏನೇ ಇರಲಿ, ಹಿಂದೆ ಅಗಲವಾದ ಕೆಂಪು ಪ್ರತಿಫಲನ ಪಟ್ಟಿ ಅಂಟಿಸಿ. ಪ್ಲಗ್ ಕಿತ್ತು ನಿಲ್ಲಿಸಿದ ಟ್ರೇಲರ್‌ಗೆ ರಸ್ತೆಯಲ್ಲಿ ಅದೊಂದೇ ದೀಪ.

ಮುಧೋಳ ಕಬ್ಬು:

ಹಣ ಕೊಡುವ ಮುಂಚೆ ಇನ್ನೊಂದು. ಟ್ರೇಲರ್‌ಗೆ ಟ್ರ್ಯಾಕ್ಟರ್‌ನದಲ್ಲದೆ ಪ್ರತ್ಯೇಕ ನೋಂದಣಿ ಸಂಖ್ಯೆ, ಪ್ರತ್ಯೇಕ ನೋಂದಣಿ ಪತ್ರ ಅಂದರೆ ಆರ್‌ಸಿ ಇರುತ್ತದೆ. ಆರ್‌ಸಿಯಲ್ಲಿ ಬರೆದ ಚಾಸಿ ಸಂಖ್ಯೆ ಹುಕ್ಕಿನ ಬಳಿಯ ತಗಡಿನ ಮೇಲೆ ಅಥವಾ ಚಾನೆಲ್ ಮೇಲೆ ಅಚ್ಚಾಗಿರಬೇಕು, ನೀಲಿ ಬಣ್ಣ ಕೆರೆದು ಓದಿ. ಮಾರುವವರಿಂದ ಮಾಲೀಕತ್ವ ವರ್ಗಾವಣೆಯ ನಮೂನೆ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಳ್ಳಿ. ಆರ್‌ಸಿಯಲ್ಲಿ ಬ್ಯಾಂಕಿನ ಸಾಲ ನಮೂದಾಗಿದ್ದರೆ ಆ ನಮೂದು ತೆಗೆಸುವ ನಮೂನೆ 35 ಮತ್ತು ಬ್ಯಾಂಕಿನ ಪತ್ರವೂ ಬೇಕು. ಸಾಲ ತೀರಿದೆ ಎಂಬ ಬಾಯಿಮಾತು ಆರ್‌ಟಿಒ ಕಚೇರಿಯಲ್ಲಿ ನಡೆಯುವುದಿಲ್ಲ. ಬೇರೆಯವರಿಗೆ ಬಾಡಿಗೆಗೆ ಮಣ್ಣು ಹೊಡೆಯುವ ಯೋಚನೆ ಇದ್ದರೆ ಅದನ್ನೂ ಅಲ್ಲೇ ಕೇಳಿಬಿಡಿ. ಕೃಷಿ ಬಳಕೆಯ ನೋಂದಣಿ, ವಿಮೆ ಅದಕ್ಕೆ ಸಾಲುವುದಿಲ್ಲ.

ಸೂಳೆಕೆರೆ ಅಚ್ಚುಕಟ್ಟು:

ಆರ್‌ಸಿ ಕೇಳಿದೆ. ಅವರ ತಂದೆಯ ಹೆಸರಿನಲ್ಲಿದೆ, ತಂದೆ ತೀರಿಕೊಂಡಿದ್ದಾರೆ. ಮೊದಲು ಮಗನ ಹೆಸರಿಗೆ ಮಾಡಿಸಿಕೊಂಡು ಬನ್ನಿ, ಆಮೇಲೆ ಹಿಂಜಿನ ಲೆಕ್ಕ ಮಾತನಾಡೋಣ ಎಂದಿದ್ದೇನೆ. ಅಲ್ಲಿಯವರೆಗೆ ಟ್ರೇಲರ್ ಅವರ ಅಂಗಳಕ್ಕೆ ವಾಪಸ್ ಹೋಗಿದೆ. ಲೇತ್‌ನವರ ಅಂದಾಜು ಚೀಟಿ ನನ್ನ ಬಳಿ ಇದೆ.